ಉತ್ಸವ ನಿಲ್ಲುತ್ತಿದ್ದ ಉಪ್ಪರಿಗೆ

ನಾನು ಬೆಳೆದದ್ದು ವಿಶಾಖಪಟ್ಟಣದ ಒಂದು ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ. ಮೈಸೂರು ಕಡೆಯವರಾದ ಅಪ್ಪ ಅಲ್ಲಿ ಎಂಜಿನಿಯರ್. ಎಲ್ಲ ಕ್ವಾರ್ಟರ್ಸಿಗೂ ಒಂದೇ ಹಳದಿ ಸುಣ್ಣ, ಒಂದೇ ಅಳತೆಯ ಕಿಟಕಿ. ಗಣೇಶನ ಹಬ್ಬವಾಗಲಿ, ಕನ್ನಡ ಸಂಘದ ರಾಜ್ಯೋತ್ಸವವಾಗಲಿ, ಮೈದಾನದಲ್ಲಿ ಶಾಮಿಯಾನ ಕಟ್ಟಿ, ಮುಗಿದ ಮರುದಿನ ಬಿಚ್ಚಿಕೊಂಡು ಹೋಗುತ್ತಿದ್ದರು. ಹಬ್ಬಕ್ಕೆ ಬೀದಿಯ ಮನೆಗಳೂ ಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಎಂಬತ್ತರ ದಶಕದ ನಡುವೆ ಮದುವೆಯಾಗಿ ವಿಜಯವಾಡದ ಗವರ್ನರ್‌ಪೇಟೆಗೆ ಬಂದೆ. ಮಾವ ತೆಲುಗಿನವರು. ಮನೆಯ ಕೆಳಗೇ ಅವರ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಅತ್ತೆ ಬಳ್ಳಾರಿಯವರು. ಮಕ್ಕಳ ನಾಲಿಗೆಯೆಲ್ಲ ತೆಲುಗಿಗೆ ತಿರುಗಿದ ಮೇಲೆ ಆ ಮನೆಯಲ್ಲಿ ಕನ್ನಡ ಮಾತಾಡಲು ಅವರಿಗೆ ಯಾರೂ ಉಳಿದಿರಲಿಲ್ಲ. ನಾನು ಬಂದ ದಿನವೇ ಕೈ ಹಿಡಿದು ಮಹಡಿಗೆ ಕರೆದೊಯ್ದರು.

"ಬಾರಮ್ಮಾ, ನಮ್ ಬೀದಿ ಹೆಂಗೈತಿ ನೋಡು."

ಬರ್ಮಾ ತೇಗದ ಉಪ್ಪರಿಗೆ ಬೀದಿಯ ಮೇಲೆ ಚಾಚಿಕೊಂಡಿತ್ತು. ಎದುರು ಸಾಲಿನ ಮನೆಗಳಿಗೂ ಅಂಥವೇ ಉಪ್ಪರಿಗೆಗಳು, ಕಮಾನು ಕಿಟಕಿಗಳು, ಕಿಟಕಿಯ ನೆತ್ತಿಗೆ ಕೆಂಪು ಹಸಿರು ಗಾಜು, ಸೂರಿನಡಿ ಗಾರೆಯ ಹಂಸಗಳು. ಹಗಲಿನಲ್ಲಿ ಅವೆಲ್ಲ ಆಟೋಗಳ ಹೊಗೆ, ಅಂಗಡಿ ಬೋರ್ಡುಗಳ ಹಿಂದೆ ಅಡಗಿರುತ್ತಿದ್ದವು. ವಿಜಯದಶಮಿಯ ಸಂಜೆ, ಅಮ್ಮನವರ ಉತ್ಸವ ಬರುವ ಹೊತ್ತಿಗೆ ಮಾತ್ರ ಪ್ರತಿ ಉಪ್ಪರಿಗೆಯಲ್ಲೂ ದೀಪ ಹಚ್ಚುತ್ತಿದ್ದರು. ಕೋಲಾಟದವರು, ಡೋಲಿನವರು ಬೀದಿಯ ತಿರುವಿಗೆ ಬಂದೊಡನೆ ತಲೆಯೆತ್ತಿ ನೋಡುತ್ತಿದ್ದರು. ಅಲ್ಲಿಂದಾಚೆ ಅವರ ಹೆಜ್ಜೆಯೇ ಬೇರೆ. ಎರಡು ಸಾಲು ಮನೆಗಳ ನಡುವೆ ಡೋಲಿನ ಸದ್ದು ಎದೆಗೇ ಬಂದು ಬಡಿಯುತ್ತಿತ್ತು.

ಲಾರಿಯ ಮೇಲೆ ಕೂತ ಅಮ್ಮನವರ ಮುಖ ಸರಿಯಾಗಿ ನಮ್ಮ ಉಪ್ಪರಿಗೆಯ ಎತ್ತರಕ್ಕೆ ಬರುತ್ತಿತ್ತು. ಅದಕ್ಕೇ ಉತ್ಸವ ಅಲ್ಲಿ ನಿಲ್ಲುವುದು ರೂಢಿ. ಅತ್ತೆ ಕಂಬಿಯ ಮೇಲೆ ಬಾಗಿ ಆರತಿ ಎತ್ತಿ, ತವರಿನಲ್ಲಿ ಕಲಿತ ಕನ್ನಡದ ಹಾಡನ್ನು ಹಾಡುತ್ತಿದ್ದರು. ಕೆಳಗಿದ್ದವರಲ್ಲಿ ಯಾರಿಗೂ ಅದರ ಅರ್ಥ ತಿಳಿಯುತ್ತಿರಲಿಲ್ಲ. ಆದರೂ ಡೋಲಿನವರು ಕೋಲು ಕೆಳಗಿಳಿಸಿ ಕೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಬಂತು. ಎಲ್ಲಿಯವರೆಗೆ ಒಡೆಯಬೇಕೆಂದು ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆ ಬಿತ್ತು. ಮಾವ ಅದನ್ನೊಮ್ಮೆ ನೋಡಿ, "ಏಂ ಚೇಸ್ತಾಂ" ಎಂದು ಅಂಗಡಿಯೊಳಗೆ ಹೋದರು. ಏನು ಮಾಡುವುದು ಎಂದು ಅತ್ತೆ ಸುಮ್ಮನಾಗಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಎದುರು ಸಾಲಿನ ಮನೆಮನೆಗೂ ಹೋದರು. ಎಲ್ಲರೂ ಸೇರಿ ಕೇಳಿಕೊಂಡರೆ ಬೀದಿ ಉಳಿದೀತು ಎಂಬ ಆಸೆ. ಎಲ್ಲರೂ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಹಿರಿಯರೊಬ್ಬರು ಮೆಲ್ಲಗೆ ತೆಲುಗಿನಲ್ಲಿ ಕೇಳಿದರು: "ಈ ಹಂಸಗಳು ನಮಗೆ ಅನ್ನ ಹಾಕುತ್ತವಾ, ಅಮ್ಮಾ?" ಅವರ ಮಕ್ಕಳು ಆಗಲೇ ಕಾಂಪ್ಲೆಕ್ಸಿನ ನಕ್ಷೆ ಮಾಡಿಸಿಟ್ಟಿದ್ದರು. ನನ್ನ ಗಂಡನೂ ಅದನ್ನೇ ಬಯಸಿದ್ದರೆಂದು ಆಮೇಲೆ ತಿಳಿಯಿತು.

ಒಡೆಯುವ ದಿನ ನಾವು ಎದುರಿನ ಅಂಗಡಿಯ ಜಗಲಿಯಲ್ಲಿ ನಿಂತಿದ್ದೆವು. ಉಪ್ಪರಿಗೆ ಧೂಳೆಬ್ಬಿಸುತ್ತ ಬಿತ್ತು. ಧೂಳು ಇಳಿದಾಗ ಅತ್ತೆಯ ಕೋಣೆ ಬೀದಿಗೆ ಬಾಯಿ ತೆರೆದು ನಿಂತಿತ್ತು. ತಿಳಿ ಹಸಿರು ಗೋಡೆ, ಕನ್ನಡಿ ತೆಗೆದ ಜಾಗದ ಕಲೆ, ಮಂಚವಿದ್ದಲ್ಲಿ ತಲೆ ಒರಗಿ ಒರಗಿ ಎಣ್ಣೆ ಹತ್ತಿದ ಗುರುತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು.

"ಒಳಗಿಂದೆಲ್ಲಾ ಮಂದಿಗೆ ಕಾಣ್ತೈತಲ್ಲಮ್ಮಾ," ಎಂದು ಅತ್ತೆ ಸೆರಗಿನಿಂದ ತಮ್ಮ ಮುಖವನ್ನೇ ಮುಚ್ಚಿಕೊಂಡರು.

ಉಳಿದ ಭಾಗವನ್ನೂ ಕೆಡವಿಸಿ ನಾವು ಬೆಂಜ್ ಸರ್ಕಲ್ ಹತ್ತಿರದ ಫ್ಲ್ಯಾಟಿಗೆ ಹೋದೆವು. ಮುಂದಿನ ವಿಜಯದಶಮಿಗೆ ಹಳೇ ಬೀದಿಯಲ್ಲೇ ಉತ್ಸವ ನೋಡಬೇಕೆಂದು ಅತ್ತೆ ಹಟ ಹಿಡಿದರು. ಆಟೋದಲ್ಲಿ ಕರೆದುಕೊಂಡು ಹೋದೆ. ಬೀದಿಯ ಎರಡೂ ಬದಿಗೆ ಗಾಜಿನ ಮುಂಭಾಗದ ಅಂಗಡಿಗಳು, ಅರ್ಧ ಎದ್ದ ಸಿಮೆಂಟ್ ಕಂಬಗಳು. ಡೋಲಿನವರಿಲ್ಲ, ಕೋಲಾಟವಿಲ್ಲ. ಸ್ಪೀಕರ್‌ಗಳನ್ನು ಹೊತ್ತ ಲಾರಿಯೊಂದು ಮುಂದೆ, ಅಮ್ಮನವರ ಲಾರಿ ಹಿಂದೆ. ರಸ್ತೆಯಲ್ಲಿ ನಿಂತ ನಮಗೆ ಅಮ್ಮನವರ ಮುಖವೂ ಕಾಣಲಿಲ್ಲ. ಅತ್ತೆ ಆರತಿ ತಟ್ಟೆ ಎತ್ತಿ ಹಾಡಲು ಶುರುಮಾಡಿದರು. ಪಕ್ಕದಲ್ಲೇ ಇದ್ದ ನನಗೂ ತುಟಿಯಲುಗುವುದು ಕಂಡಿತೇ ಹೊರತು ದನಿ ಕೇಳಲಿಲ್ಲ.

"ಪಕ್ಕಕಿ ಜರಗಂಡಮ್ಮಾ!" ಹಗ್ಗ ಹಿಡಿದವನೊಬ್ಬ ನಮ್ಮನ್ನು ಬದಿಗೆ ಸರಿಸಿದ. ಲಾರಿ ನಿಲ್ಲಲಿಲ್ಲ.

ಅತ್ತೆ ಅಳಲಿಲ್ಲ. ಊಟ ಬಿಟ್ಟರು, ಮಾತು ಕಡಿಮೆ ಮಾಡಿದರು. ಹವಾ ಬದಲಾದರೆ ಸರಿಹೋದಾರೆಂದು ವಿಶಾಖಪಟ್ಟಣಕ್ಕೆ, ನನ್ನ ಅಪ್ಪನ ಮನೆಗೆ ಕರೆದೊಯ್ದೆ. ಅಪ್ಪ ಉತ್ಸಾಹದಿಂದ ನಮ್ಮನ್ನು ಸಮುದ್ರದ ಬದಿಯ ಹಳೇ ಊರಿಗೆ ಕರೆದುಕೊಂಡು ಹೋದರು. ಅಲ್ಲೊಂದು ಕಲ್ಲಿನ ಕಟ್ಟಡದ ಕಮಾನುಗಳಿಗೆಲ್ಲ ದೀಪದ ಸರ ಹಾಕಿದ್ದರು. ಅದೇನೋ ಹಬ್ಬ. ಮೆಟ್ಟಿಲ ಮೇಲೆ ಸಣ್ಣ ಹುಡುಗಿಯರು ಕುಣಿಯುತ್ತಿದ್ದರು. ಎಷ್ಟು ಚೆನ್ನಾಗಿತ್ತೆಂದರೆ, ಅತ್ತೆ ಚೇತರಿಸಿಕೊಂಡಾರೆಂದು ಒಂದು ಗಳಿಗೆ ನನಗೂ ಆಸೆ ಹುಟ್ಟಿತು.

"ಹೇಗಿದೆ ಬೀಗಿತ್ತಿಯವರೇ?" ಎಂದು ಅಪ್ಪ ಕೇಳಿದರು.

ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನಿಗಲ್ಲ, ನನಗೆ ಹೇಳಿದರು: "ಇದನ್ನೂ ಒಡೀತಾರಮ್ಮಾ. ನಡಿ, ಹೋಗೋಣ."

ಮುಂದಿನ ದಸರಾದ ಹೊತ್ತಿಗೆ ಅವರು ಇರಲಿಲ್ಲ. ಆ ಹಾಡನ್ನು ಒಮ್ಮೆಯಾದರೂ ಕೂತು ಕಲಿಯೋಣವೆಂದು ನನಗೂ ತೋಚಿರಲಿಲ್ಲ, ಕಲಿಸುತ್ತೇನೆಂದು ಅವರೂ ಹೇಳಿರಲಿಲ್ಲ. ನನ್ನ ಮಕ್ಕಳಿಗೆ ಗವರ್ನರ್‌ಪೇಟೆ ಅಂದರೆ ಗಾಡಿ ನಿಲ್ಲಿಸಲು ಜಾಗ ಸಿಗದ ಪೇಟೆ, ಅಷ್ಟೇ.