ಅವ್ವ ‘ಬ್ಯಾಡ’ ಅಂದಿದ್ದು

ನಮ್ಮವ್ವನ ಯೂನಿಯನ್ ಕತೆಯನ್ನು ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಅಪ್ಪ ಹೇಳುವುದು ಹೀಗೆ: ‘ಬಿಳೇರು ಆಕಿನ್ನ ಮ್ಯಾಲ ಬರಾಕ ಬಿಡಲಿಲ್ಲ. ಎರಡು ವರ್ಷ ಹೋರಾಡಿ ಬಂದ್ಲು.’ ಕೇಳಿದವರು, ಅದರಲ್ಲೂ ಬೆಂಗಳೂರಿನ ಸಾಫ್ಟ್‌ವೇರ್ ಅಂಕಲ್‌ಗಳು, ‘ಇಲ್ಲೂ ಕಲರ್ ನೋಡ್ತಾರೆ ಬಿಡಿ ಸಾರ್’ ಎಂದು ಇನ್ನೊಂದು ಬಜ್ಜಿ ತೆಗೆದುಕೊಳ್ಳುತ್ತಾರೆ. ಫ್ಯಾಕ್ಟರಿಯವರು ಹೇಳುವುದು ಬೇರೆ: ‘ನಾವು ಕೇಳಿದೆವು, ಆಕೆಯೇ ಒಲ್ಲೆ ಅಂದಳು.’ ಹೈಸ್ಕೂಲಿನ ಡಿಬೇಟ್ ತಂಡದಲ್ಲಿದ್ದು ಯಾವ ಪಕ್ಷ ಕೊಟ್ಟರೂ ವಾದಿಸಲು ಕಲಿತವಳು ನಾನು. ಈ ಎರಡು ಪಕ್ಷಗಳಲ್ಲಿ ಯಾವುದನ್ನು ಕೊಟ್ಟರೂ ಗೆಲ್ಲಿಸಬಲ್ಲೆ. ಎರಡನ್ನೂ ನಂಬಲಾರೆ. ಯಾಕೆಂದರೆ ಆ ದಿನ ಆ ಸಭೆಯ ಹಾಲಿನಲ್ಲಿ, ಅವ್ವನ ಪಕ್ಕದ ಕುರ್ಚಿಯಲ್ಲಿ ನಾನೇ ಕೂತಿದ್ದೆ.

ಅದು ನಾವು ವಲಸೆ ಬಂದು ನೆಲೆಸಿದ ರೆಕ್ಸ್‌ಡೇಲಿನ ಒಂದು ಬಿಸ್ಕತ್ತು ಫ್ಯಾಕ್ಟರಿ, ತೊಂಬತ್ತರ ದಶಕದ ಕೊನೆ. ಅವ್ವ ಪ್ಯಾಕಿಂಗ್ ಲೈನಿನಲ್ಲಿದ್ದಳು. ಯೂನಿವರ್ಸಿಟಿ ಸೇರುವ ಮುಂಚಿನ ಬೇಸಿಗೆಯಲ್ಲಿ ನಾನೂ ಅಲ್ಲೇ ಡಬ್ಬಿಗೆ ಟೇಪು ಹಚ್ಚುತ್ತಿದ್ದೆ. ಪ್ಯಾಕಿಂಗಿನ ಹೆಂಗಸರು ಗಯಾನಾದವರು, ಪಂಜಾಬಿನವರು, ಫಿಲಿಪೀನ್ಸಿನವರು, ಜಾಫ್ನಾದವರು. ಹುಬ್ಬಳ್ಳಿಯವಳು ಅವ್ವ ಒಬ್ಬಳೇ. ಬಿಸ್ಕತ್ತು ಬೇಯಿಸುವ ಓವನ್ನಿನ ಕಡೆ, ರಿಪೇರಿಯ ಕಡೆ ಹೋದರೆ ಹೆಚ್ಚಾಗಿ ಬಿಳಿಯರು. ಯೂನಿಯನ್ ಕಮಿಟಿಯ ಐದೂ ಜನ ಆ ಕಡೆಯವರೇ. ಲಂಚ್‌ರೂಮಿನ ಗೋಡೆಯಲ್ಲಿ ಅವರ ಫೋಟೋ ತೂಗುಹಾಕಿದ್ದರು. ಐದೂ ಜನ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದರು.

ಕಂಪನಿಗೂ ಯೂನಿಯನ್ನಿಗೂ ಆದ ಒಪ್ಪಂದವನ್ನು ಅಂಗಿಜೇಬಿನಲ್ಲಿ ಹಿಡಿಸುವಂಥ ಪುಸ್ತಕ ಮಾಡಿ ಎಲ್ಲರಿಗೂ ಹಂಚಿದ್ದರು. ಓದಿದವಳು ಅವ್ವ ಮಾತ್ರ. ಬಸ್ಸಿನಲ್ಲಿ, ಪೆನ್ಸಿಲು ಹಿಡಿದು. ಹಾಗಾಗಿ ಯಾರ ರಜೆ ತಿರಸ್ಕಾರವಾದರೂ, ಯಾರ ಸೀನಿಯಾರಿಟಿ ಮೀರಿ ಇನ್ನೊಬ್ಬರಿಗೆ ಶಿಫ್ಟು ಕೊಟ್ಟರೂ ಅವರು ಬರುತ್ತಿದ್ದದ್ದು ಅವ್ವನ ಹತ್ತಿರ. ಆದರೆ ದೂರು ಹಿಡಿದು ಮ್ಯಾನೇಜರನ ಆಫೀಸಿನೊಳಗೆ ಹೋಗುವ ಹಕ್ಕು ಆಯಾ ವಿಭಾಗದಿಂದ ಆರಿಸಿದ ಯೂನಿಯನ್ ಪ್ರತಿನಿಧಿಗೆ, ಅಂದರೆ ಸ್ಟೂವರ್ಡ್‌ಗೆ ಮಾತ್ರ. ಆ ಬೇಸಿಗೆ ಪ್ಯಾಕಿಂಗಿನ ಸ್ಟೂವರ್ಡ್ ಜಾಗ ಖಾಲಿಯಾಯಿತು.

‘ನನಗ ಆ ಕೆಲಸ ಬೇಕು ನೋಡ’ ಎಂದಳು ಅವ್ವ, ರೊಟ್ಟಿ ಬಡಿಯುತ್ತ. ‘ಬಾಗಲಾ ಹೊರಗ ನಿಂತು ಹೇಳಿಕೊಡಾಕಿ ನಾನು, ಒಳಗ ಹೋಗಿ ತಪ್ಪು ತಪ್ಪು ಮಾತಾಡಾವ ಮತ್ತೊಬ್ಬ. ಸಾಕಾಗೇತಿ.’

ಅವ್ವ ತನಗೆ ಏನಾದರೂ ಬೇಕು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೂರು ಸಂಜೆ ಅಡುಗೆಮನೆಯಲ್ಲಿ ನಿಲ್ಲಿಸಿ ಎರಡು ನಿಮಿಷದ ಭಾಷಣ ಕಲಿಸಿದೆ. ಎಲ್ಲಿ ನಿಲ್ಲಿಸಬೇಕು, ಯಾರ ಮುಖ ನೋಡಬೇಕು, ಯಾರಾದರೂ ನಿನ್ನ ಇಂಗ್ಲಿಷ್ ಬಗ್ಗೆ ಅಂದರೆ ಏನು ಹೇಳಬೇಕು, ಎಲ್ಲ.

ಸಭೆ ಒಂದು ಭಾನುವಾರ ಬೆಳಿಗ್ಗೆ, ಬಾಡಿಗೆಯ ಹಾಲಿನಲ್ಲಿ. ಅವ್ವನ ಗೆಳತಿ, ಗಯಾನಾದಾಕೆ, ಎದ್ದುನಿಂತು ಅವ್ವನ ಹೆಸರು ಸೂಚಿಸಿದಳು. ಇನ್ನೊಬ್ಬರು ಅನುಮೋದಿಸಿದರು. ಯೂನಿಯನ್ ಅಧ್ಯಕ್ಷ ಬೆಳ್ಳಿ ಕೂದಲಿನ, ದೊಡ್ಡ ದನಿಯ, ಎಲ್ಲರ ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವ ಮನುಷ್ಯ. ಆತ ಪೆನ್ನು ಹಿಡಿದು ಅವ್ವನನ್ನು ಕೇಳಿದ: ‘ನಿನಗೆ ಒಪ್ಪಿಗೆಯೇ, ಡಿಯರ್?’

ಅವ್ವ ಅರ್ಧ ಎದ್ದಳು. ಎದೆಯ ಮೇಲೆ ಕೈಯಿಟ್ಟು, ನಕ್ಕು, ‘ಅಯ್ಯೋ ನೋ ನೋ, ನಾನ್ಯಾಕೆ, ನನಗಿಂತ ಸೀನಿಯರ್ ಇದ್ದಾರೆ’ ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತಳು. ಕೂತು, ಕಾದಳು.

ನಮ್ಮ ಕಡೆ ಯಾರ ಮನೆಗೆ ಹೋದರೂ ಚಾ ಕುಡೀತೀರಾ ಅಂದರೆ ಬ್ಯಾಡ್ರಿ ಅನ್ನಬೇಕು. ‘ಹಂಗಂದ್ರ ಹ್ಯಾಂಗ್ರಿ’ ಎಂದು ಅವರು ಇನ್ನೊಮ್ಮೆ ಕೇಳಬೇಕು. ಎರಡನೆಯ ಬ್ಯಾಡ ಸ್ವಲ್ಪ ಮೆತ್ತಗಿರುತ್ತದೆ. ಮೂರನೆಯದು ಬರುವಷ್ಟರಲ್ಲಿ ಕಪ್ಪು ಕೈಯಲ್ಲಿರುತ್ತದೆ. ಮೊದಲ ಸಲಕ್ಕೇ ಹೂಂ ಅಂದವರನ್ನು ಅವರು ಹೋದ ಮೇಲೆ ಆಡಿಕೊಳ್ಳುತ್ತಾರೆ.

ಅಧ್ಯಕ್ಷ ಅವ್ವನ ಹೆಸರಿನ ಮೇಲೆ ಒಂದು ಗೆರೆ ಎಳೆದ. ‘ಥ್ಯಾಂಕ್ಯೂ ಡಿಯರ್. ಬೇರೆ ಯಾರಾದರೂ?’ ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಈಗ ವಾದಿಸುವ ನನ್ನ ಕೆಲಸ ಸುಲಭವಾಗುತ್ತಿತ್ತು. ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಯ ಡ್ರೈವರನೊಬ್ಬನ ಹೆಸರು ಬಂತು. ಅವನು ಕೂತಲ್ಲಿಂದಲೇ ‘ಯೆಪ್’ ಅಂದ. ಎದುರಾಳಿ ಇಲ್ಲದ್ದರಿಂದ ಅವಿರೋಧ ಆಯ್ಕೆ. ಪ್ಯಾಕಿಂಗ್ ಲೈನಿನಲ್ಲಿ ಒಂದು ದಿನವೂ ನಿಲ್ಲದವನು ಪ್ಯಾಕಿಂಗಿನ ಸ್ಟೂವರ್ಡ್ ಆದ.

ಆ ‘ನೋ’ ಎಂದರೆ ನೋ ಅಲ್ಲ ಎಂದು ಆ ಹಾಲಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಸಭಾನಿಯಮ ಎತ್ತಿ ಅಡ್ಡ ಬರುವುದು ಹೇಗೆಂದೂ ಗೊತ್ತಿತ್ತು. ಡಿಬೇಟಿನಲ್ಲಿ ಅದಕ್ಕೇ ನನಗೆ ಬಹುಮಾನದ ಕಪ್ಪು ಕೊಟ್ಟಿದ್ದರು. ಆದರೂ ಏಳಲಿಲ್ಲ. ಅವ್ವನ ಮೇಲೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು.

ಬಸ್ಸಿನಲ್ಲಿ ಜಗಳ.

‘ಇನ್ನೊಮ್ಮೆ ಕೇಳ್ತಾನ ಅಂದಕೊಂಡಿದ್ದೆ.’

‘ಅವ್ವಾ, ಇದೇನ್ ಚಾ ಏನು? ಎಲೆಕ್ಷನ್!’

‘ಒಮ್ಮಿಗೇ ಹೂಂ ಅಂದ್ರ ಏನಂತಾರ? ಕುರ್ಚಿಗೆ ಬಾಯಿ ಬಿಡ್ತಾಳ ಅಂತಾರ.’

‘ಅವ ಯೆಪ್ ಅಂದ. ಯಾರರ ಏನರ ಅಂದ್ರ?’

‘ಮೂರು ದಿನ ಭಾಷಣ ಕಲಿಸಿದಿ. ಹೂಂ ಅನ್ನೂದು ಕಲಿಸಲಿಲ್ಲ ನೋಡ ನೀನು’ ಎಂದು ಅವ್ವ ನಗತೊಡಗಿದಳು. ನನಗೆ ನಗು ಬರಲಿಲ್ಲ. ತಪ್ಪನ್ನು ನನ್ನ ತಲೆಗೇ ಕಟ್ಟಿದ್ದಳು, ಮತ್ತು ಅವಳ ವಾದ ಸರಿಯಾಗಿತ್ತು.

ಮರುದಿನ ಗಯಾನಾದಾಕೆ ಲೈನಿನಲ್ಲೇ ಗದರಿದಳು: ‘ಏನಮ್ಮಾ, ಎಲ್ಲರೆದುರು ನನ್ನನ್ನ ಪೆದ್ದಿ ಮಾಡಿದೆಯಲ್ಲ! ಬೇಡದಿದ್ದರೆ ಮೊದಲೇ ಹೇಳಬಾರದಿತ್ತೇ?’ ಅವ್ವ ವಿವರಿಸಿದಳು. ಆಕೆ ಹಣೆ ಬಡಿದುಕೊಂಡು ಪಕ್ಕದಲ್ಲಿದ್ದ ಒಬ್ಬ ಸಿಖ್ ಹೆಂಗಸಿಗೆ ಹೇಳಿದಳು. ಆ ಹೆಂಗಸು ‘ನಾನೂ ಹಾಗೇ ಅಂತಿದ್ದೆ ಬೆಹನ್‌ಜೀ’ ಅಂದಳಂತೆ.

ಈಗ ನನ್ನ ವಾದ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಲ: ಅದೇ ಸಮಾನ ಅವಕಾಶ ಎಂದು ಅಧ್ಯಕ್ಷ ಪ್ರಾಮಾಣಿಕವಾಗಿ ನಂಬಿದ್ದ. ಆಮೇಲೆ ‘ನಿಮ್ಮವರು ಮುಂದೆ ಬರುವುದೇ ಇಲ್ಲ’ ಎಂದು ಬೇಸರದಿಂದಲೇ ಹೇಳುತ್ತಿದ್ದ. ಆದರೆ ಆ ಒಂದೇ ಪ್ರಶ್ನೆ ಯಾರ ಅಭ್ಯಾಸದ ಅಳತೆಗೆ ಹೊಲಿದ ಅಂಗಿ? ಇನ್ನೊಂದು ಕಡೆ, ಅಪ್ಪನ ‘ಬಿಡಲಿಲ್ಲ’ ಕೂಡ ಸುಳ್ಳೇ. ಬಾಗಿಲು ಮುಚ್ಚಿರಲಿಲ್ಲ. ಅವ್ವ ಹೊಸ್ತಿಲಲ್ಲಿ ನಿಂತು, ಬಾ ಅಂತ ಇನ್ನೊಮ್ಮೆ ಕರೆಯಲಿ ಎಂದು ಕಾದಿದ್ದಳು.

ಮುಂದಿನ ಎರಡು ವರ್ಷ ಫೋರ್ಕ್‌ಲಿಫ್ಟಿನವನಿಗೆ ಅವ್ವನೇ ದೂರುಗಳನ್ನು ಬರೆದುಕೊಟ್ಟಳು. ಅವನು ಒಳ್ಳೆಯ ಹುಡುಗನೇ. ಆಫೀಸಿನ ಒಳಗೆ ಹೋಗಿ ಅರ್ಧ ಮರೆತು ಬರುತ್ತಿದ್ದ. ಮತ್ತೆ ಚುನಾವಣೆ ಬಂದಾಗ ತಾನು ನಿಲ್ಲುವುದಿಲ್ಲ ಎಂದು ಅವನೇ ಹೇಳಿದ.

ಆ ಸಭೆಯಲ್ಲಿ ಗಯಾನಾದಾಕೆ ಅವ್ವನ ಹೆಸರು ಹೇಳುತ್ತಿದ್ದಂತೆ, ಯಾರೂ ಅನುಮೋದಿಸುವ ಮೊದಲೇ, ಅವ್ವ ಪೂರ್ತಿ ಎದ್ದುನಿಂತು ‘ಯೆಸ್! ಅಕ್ಸೆಪ್ಟ್!’ ಎಂದಳು. ಇಡೀ ಸಭೆಯೇ ನಕ್ಕಿತು. ‘ಸ್ವಲ್ಪ ತಾಳು ಡಿಯರ್, ಇನ್ನೂ ಕೇಳಿಲ್ಲ’ ಎಂದ ಅಧ್ಯಕ್ಷ. ‘ನೀವು ಕೇಳೋದು ಒಂದೇ ಸಲ, ಅದು ಕೈತಪ್ಪಿ ಹೋಗೋದು ಇಷ್ಟ ಇಲ್ಲ’ ಎಂದಳು ಅವ್ವ. ಈ ಸಲ ಓವನ್ನಿನ ಕಡೆಯವನೊಬ್ಬ ಎದುರು ನಿಂತಿದ್ದ. ಮತ ಎಣಿಸಿದರು. ಅವ್ವ ಗೆದ್ದಳು. ಮರುವಾರ ಆಫೀಸಿನ ಒಳಗೆ ಹೋಗಿ ಬಂದು, ‘ಕುರ್ಚಿ ಮೆತ್ತಗೇನಿಲ್ಲ ಬಿಡ’ ಎಂದು ವರದಿ ಕೊಟ್ಟಳು. ಮುಖ ಮಾತ್ರ ಹಬ್ಬದ ಹಾಗಿತ್ತು.

ಆಮೇಲೆ ಅವಳು ತನ್ನದೇ ಪದ್ಧತಿ ಶುರುಮಾಡಿದಳು. ಯಾವ ಜಾಗ ಖಾಲಿಯಾದರೂ ಸಭೆಗೆ ವಾರ ಮುಂಚೆ ಲೈನಿನಲ್ಲಿ ಒಬ್ಬೊಬ್ಬರನ್ನೇ ಹೋಗಿ ಕೇಳುವುದು, ಮೂರು ಸಲ. ನಾನು ಅಡ್ಡ ಬಂದೆ: ‘ಒಲ್ಲೆ ಅಂದವರನ್ನ ಮತ್ತ ಮತ್ತ ಕೇಳೂದು ಒತ್ತಾಯ ಆಗ್ತೈತಿ. ಎಲ್ಲಾರೂ ನಿನ್ನಂಗ ಅಂತ ಯಾರು ಹೇಳಿದ್ರು?’ ನನ್ನ ವಾದಕ್ಕೆ ಅವ್ವ ಸೋಲಲಿಲ್ಲ. ಸೋಲಿಸಿದವಳು ಗಯಾನಾದಾಕೆ. ಮೂರನೆಯ ಸಲ ಕೇಳಿದಾಗ, ‘ನಾನು ಮೊದಲ ಸಲವೇ ಇಲ್ಲ ಅಂದೆ. ನಿನ್ನ ಇಲ್ಲ ಹೌದಾಗುತ್ತೆ, ನನ್ನ ಇಲ್ಲ ಇಲ್ಲವೇ. ಹೋಗು, ಕೆಲಸ ನೋಡು’ ಎಂದಳಂತೆ. ಅವ್ವ ಈ ಮಾತನ್ನು ಮನೆಗೆ ತಂದು, ಕೇಕೆ ಹಾಕಿ ನಕ್ಕು, ಪದ್ಧತಿಯನ್ನು ಎರಡು ಸಲಕ್ಕೆ ಇಳಿಸಿದಳು. ಆದರೂ ಕೆಲವೇ ವರ್ಷಗಳಲ್ಲಿ ಕಮಿಟಿಯ ಐವರಲ್ಲಿ ಮೂವರು ಪ್ಯಾಕಿಂಗಿನವರಾದರು, ಅವ್ವನೂ ಸೇರಿ. ಲಂಚ್‌ರೂಮಿನ ಫೋಟೋ ಬದಲಾಯಿತು.

ಅಧ್ಯಕ್ಷ ನಿವೃತ್ತನಾದಾಗ ಪಾರ್ಟಿ ಇಟ್ಟರು. ಅವ್ವ ನನ್ನನ್ನೂ ಕರೆದುಕೊಂಡು ಹೋದಳು. ತಟ್ಟೆ ಹಿಡಿದು ನಮ್ಮ ಪಕ್ಕ ಬಂದು ಕೂತ ಆತ, ಅವ್ವನ ಭುಜ ತಟ್ಟಿ ನನಗೆ ಹೇಳಿದ: ‘ನಮ್ಮಲ್ಲಿ ಯಾರಿಗೂ ತಡೆ ಇರಲಿಲ್ಲ ಮಗೂ. ನಿಮ್ಮಮ್ಮ ತಯಾರಾಗಬೇಕಿತ್ತು, ಅಷ್ಟೇ. ನನ್ನನ್ನೇ ನೋಡು, ನಾನೂ ಸಭೆಯಲ್ಲಿ ಕೈ ಎತ್ತಿಯೇ ಬಂದವನು.’

ಅವ್ವ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಬಿಡಲಿಲ್ಲ. ಆತನ ಮೇಲೆ ನನಗೆ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು.

‘ಮೊದಲ ಸಲ ಕೈ ಎತ್ತಿದಿರಲ್ಲ,’ ಎಂದೆ, ‘ಅದಕ್ಕೆ ಮುಂಚೆ, ಸಭೆಯ ಹೊರಗೆ, ನೀನು ನಿಲ್ಲು ಅಂತ ನಿಮಗೆ ಹೇಳಿದವರು ಯಾರು? ಎಲ್ಲಿ ಕೂತು ಹೇಳಿದರು?’