ಅಕ್ಕನ ಮದುವೆಯ ಮೂರು ಸೀಡಿಗಳು

ಇವತ್ತು ಉಣಕಲ್ ಹತ್ತಿರ, ಹಕ್ಕಿ ಓಡಿಸಲೆಂದು ಹೊಲದಲ್ಲಿ ಕಟ್ಟಿದ್ದ ಹಳೆಯ ಸೀಡಿಗಳು ಬಿಸಿಲಿಗೆ ಮಿನುಗುತ್ತಿದ್ದವು. ಅಪ್ಪ ನೆನಪಾದರು.

ನಾನು ಸಾಲಿಗೆ ಹೋಗುತ್ತಿದ್ದ ದಿನಗಳು. ಅಕ್ಕ ಮದುವೆಯಾದ ವರ್ಷದೊಳಗೇ ಹೆರಿಗೆಯಲ್ಲಿ ತೀರಿಕೊಂಡಳು. ಮದುವೆಯ ಡಿವಿಡಿಯನ್ನು ಅವ್ವ ತನ್ನ ಸೀರೆಗಳ ಕೆಳಗೆ ಬಚ್ಚಿಟ್ಟಳು. ಆದರೆ ಸುಳ್ಳ ಎಂಬ ಹಳ್ಳಿಯಲ್ಲಿದ್ದ ಅಜ್ಜಿ, ಅಪ್ಪನ ತಾಯಿ, "ನಾ ಸಾಯೂದ್ರೊಳಗ ಒಮ್ಮೆ ಅಕಿನ್ನ ನೋಡಬೇಕು" ಎಂದು ಹಟ ಹಿಡಿದಳು. ಅವಳ ಮನೆಯ ವಿಸಿಡಿ ಪ್ಲೇಯರಿನಲ್ಲಿ ಡಿವಿಡಿ ಓಡುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪ ಡಿವಿಡಿಯನ್ನು ವಿಸಿಡಿಗೆ ಇಳಿಸಲೆಂದು ವಿದ್ಯಾನಗರದ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕುಳಿತರು. ಡಿಸ್ಕನ್ನು ಕರವಸ್ತ್ರದಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿದರು. ಒಂದು ವಿಸಿಡಿಯಲ್ಲಿ ತಾಸಿನಷ್ಟೇ ಹಿಡಿಸುವುದರಿಂದ ಮದುವೆಯನ್ನು ಮೂರು ತುಂಡು ಮಾಡಬೇಕಿತ್ತು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಅವರು ಅಷ್ಟನ್ನೂ ನೋಡಬೇಕಾಯಿತು. ಊಟಕ್ಕೆ ಕರೆದರೆ "ನೀವು ಉಣ್ರಿ" ಎಂದರು, ತಿರುಗಿ ನೋಡಲಿಲ್ಲ.

ಮರುವಾರ ಸುಳ್ಳದಲ್ಲಿ ಅಜ್ಜಿ ಟಿವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ನೋಡಿದಳು. ಅಕ್ಕಿಕಾಳು ಬಿದ್ದವು, ಊಟದ ಪಂಕ್ತಿ ಎದ್ದಿತು, ಮೂರನೆಯ ಸೀಡಿ ಥಟ್ಟನೆ ನಿಂತಿತು.

"ಅಕಿನ್ನ ಗಂಡನ ಮನಿಗೆ ಕಳಿಸಿದ್ದು ಎಲ್ಲಿ ಐತೋ?" ಎಂದಳು ಅಜ್ಜಿ.

"ಅದೊಂದನ್ನ ತಗದ ಹಾಕೇನಿ ಯವ್ವಾ," ಅಪ್ಪ ನೆಲ ನೋಡುತ್ತ ಹೇಳಿದರು. "ಇದ್ರಾಗರ ಅಕಿ ನಮ್ಮ ಮನ್ಯಾಗ ಇರ್ಲಿ."

ಅಜ್ಜಿ ಅವರ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಅಪ್ಪನೂ ಇಲ್ಲ. ಆ ಡಿವಿಡಿ ನನ್ನ ಬಳಿಯೇ ಇದೆ. ಅಕ್ಕ ಕಾರು ಹತ್ತುವ ಭಾಗವನ್ನು ನಾನು ಇವತ್ತಿಗೂ ನೋಡಿಲ್ಲ.