ಮಂದಿಯೋ ಪಂದಿಯೋ

ಆ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲನ್ನು ಒಲೆಯ ಮೇಲಿಟ್ಟಿದ್ದೆ. ಇನ್ನೂ ಮಬ್ಬುಗತ್ತಲು. ಮನೆಯವರು ಹಿತ್ತಿಲ ಬಾಗಿಲಲ್ಲಿ ಬಂದೂಕು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನಿಂತಿದ್ದರು. ಹಂದಿ ಕಾಟಕ್ಕೆಂದು ಲೈಸೆನ್ಸು ಪಡೆದ ಹಳೆಯ ಬಂದೂಕು. ಅದಕ್ಕೀಗ ಗುರಿ ಹಿಡಿಯಲು ಹೊಸ ಚುಕ್ಕೆ ಹಾಕಿಸಿಕೊಂಡು ಬಂದಿದ್ದರು: ನಳಿಗೆಯ ತುದಿಗೊಂದು, ಹಿಂದಕ್ಕೆರಡು ಹಸಿರು ಚುಕ್ಕೆ. ಕತ್ತಲಲ್ಲಿ ತಾವೇ ಮಿನುಗುತ್ತವೆ.

"ನೋಡೇ, ಮೂರೂ ಒಂದೇ ಸಾಲಿಗೆ ಬಂದ್ರೆ ಮುಗೀತು. ಕತ್ಲು ಗಿತ್ಲು ಏನೂ ಇಲ್ಲ."

"ಎದುರಿಗಿರೋದು ಏನು ಅಂತಾನೂ ತೋರ್ಸುತ್ತಾ?"

"ನೀನು ಕಾಫಿ ಮಾಡು ಹೋಗು," ಎಂದು ನಕ್ಕು ಹೊಲದತ್ತ ಹೊರಟರು. ಟಾರ್ಚು ಗೂಟಕ್ಕೆ ನೇತಾಡುತ್ತಲೇ ಇತ್ತು.

ನಮ್ಮ ರಾಗಿ ಹೊಲಕ್ಕೆ ಅಂಟಿಕೊಂಡೇ ಹಿಪ್ಪುನೇರಳೆ ತೋಟ. ರೇಷ್ಮೆ ಹುಳುವಿಗೆ ಸೊಪ್ಪನ್ನು ಬಿಸಿಲೇರುವ ಮೊದಲೇ ಕೊಯ್ಯಬೇಕು. ನಮ್ಮ ಹುತ್ತೂರಿನ ಕಡೆ ಇದು ಗೊತ್ತಿಲ್ಲದವರಿಲ್ಲ. ಕೊಯ್ಯಲು ಬರುವ ಹೆಂಗಸು ಮುಳಬಾಗಿಲಿನ ಕಡೆಯವಳು, ತೆಲುಗು ಮಾತು. ಸಾಲಿನ ನಡುವೆ ಬಗ್ಗಿದ್ದವಳಿಗೆ ಬಂದೂಕು ಕಂಡಿದೆ. "ಮಂದಿ! ಮಂದಿ ಉಂಡಾರು!" ಎಂದು ಕೂಗಿದ್ದಾಳೆ. ಜನ ಇದ್ದಾರೆ ಎಂದು. ಇವರಿಗೆ ಕೇಳಿಸಿದ್ದು ಪಂದಿ, ತೆಲುಗಿನ ಹಂದಿ. ದಿನವೂ ಅವಳೊಡನೆ ತೆಲುಗಿನಲ್ಲೇ ಹರಟುವ ಮನುಷ್ಯನಿಗೆ, ಕೈಗೆ ಚುಕ್ಕೆ ಬಂದ ಮೇಲೆ ಬೇಕಾದದ್ದೇ ಕೇಳಿಸಿತು!

ಹಾಲು ಉಕ್ಕುವ ಹೊತ್ತಿಗೆ ಗುಂಡಿನ ಸದ್ದು. ಓಡಿದೆ.

ಅವಳು ಮಣ್ಣಲ್ಲಿ ಕೂತು ತನ್ನ ತೋಳು, ಹೊಟ್ಟೆ ಸವರಿ ನೋಡಿಕೊಳ್ಳುತ್ತಿದ್ದಳು. ರಕ್ತವಿರಲಿಲ್ಲ. ಪಕ್ಕದಲ್ಲಿದ್ದ ಸೊಪ್ಪಿನ ಬುಟ್ಟಿ ಒಡೆದು, ಹಸಿ ಎಲೆಗಳ ಮೇಲೆಲ್ಲ ಬಿದಿರಿನ ಸಿಬಿರು. ನನ್ನನ್ನು ಕಂಡು, "ನೇನು ಪಂದಿನಾ ಅಮ್ಮಾ?" ಎಂದಳು. ನಾನು ಹಂದಿಯಾ ಅಮ್ಮಾ?

"ಪಂದಿ ಅಂತಾನೇ ಕೂಗಿದ್ಲು ಕಣೇ," ಎಂದರು ಮನೆಯವರು. "ಚುಕ್ಕೆ ಸರಿಯಾಗೇ ಕೂತಿತ್ತು."

ಹೆಣ್ಣುಮಕ್ಕಳು ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಅಂದು ಏರಿಸಿದೆ. "ಬಂದೂಕು ಎತ್ತ ತಿರುಗಿದೆ ಅಂತ ಹೇಳುತ್ತೆ ರೀ ಆ ಚುಕ್ಕೆ! ಎದುರಿಗೆ ಯಾರಿದಾರೆ ಅಂತಲ್ಲ! ಟಾರ್ಚು ಹಿಡಿಯೋಕೆ ಏನಾಗಿತ್ತು ನಿಮ್ಗೆ?"

ಅವರು ಅವಳ ಮುಖವನ್ನೂ ನೋಡಲಿಲ್ಲ. ಮನೆಗೆ ಬಂದು ಬಂದೂಕನ್ನು ಬೀರುವಿನಲ್ಲಿಡಿಸಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ದಿನವಿಡೀ ಅದು ಒತ್ತುತ್ತಲೇ ಇತ್ತು. ತೆಗೆಯಲಿಲ್ಲ.

ಸಂಜೆ, ದೀಪ ಹಚ್ಚುವ ಮೊದಲು, ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಬಟ್ಟಲು ಒಡ್ಡುತ್ತಾ ಅಂದಳು:

"ಬುಟ್ಟಿ ನೋಡ್ದೆ ಅಕ್ಕ, ಗುಂಡು ನಡುಮಧ್ಯಕ್ಕೇ ಬಿದ್ದೈತೆ. ಆ ಚುಕ್ಕೆ ಎಲ್ಲಿ ಹಾಕ್ಸಿದ್ರಂತೆ? ನಮ್ಮೋರೂ ಕೇಳ್ತಾವ್ರೆ."